ಗಣಿಯಿಂದ ಹಡಗಿನವರೆಗೆ: ತಪಾಸಣೆಯ ಅಧಿಕಾರ, ಕಾವಲಿನ ಹೊಣೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಕಂದಾಯ ಉಪವಿಭಾಗ. ಕಡಲಿಗೆ ದೂರವಾದ, ಮಳೆ ಕಡಿಮೆಯ ಸೀಮೆ ಇದು. ಆದರೂ ಬಂದರಿನಲ್ಲಿ ನಿಂತ ಹಡಗನ್ನು ಸರ್ಕಾರಿ ಅಧಿಕಾರಿ ಯಾವ ಕಾನೂನಿನ ಬಲದಿಂದ ಹತ್ತುತ್ತಾನೆ ಎಂಬ ಪ್ರಶ್ನೆ ಈ ಸೀಮೆಗೆ ಹೊರಗಿನದಲ್ಲ. ಹೊನ್ನಾವರದಿಂದ ಹೊರಡುವ 69ನೇ ರಾಷ್ಟ್ರೀಯ ಹೆದ್ದಾರಿ ಹುಳಿಯಾರು, ಶಿರಾ, ಮಧುಗಿರಿಗಳನ್ನು ಹಾಯ್ದು ಚಿತ್ತೂರಿನತ್ತ ಸಾಗುತ್ತದೆ. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2011ರ ಜುಲೈಯಲ್ಲಿ ಸಲ್ಲಿಸಿದ ಲೋಕಾಯುಕ್ತ ವರದಿ ಬಳ್ಳಾರಿಯ ಜೊತೆಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಳನ್ನೂ ಪರಿಶೀಲಿಸಿತ್ತು. ಅದೇ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ಎರಡು ಜಿಲ್ಲೆಗಳಲ್ಲೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ತುಮಕೂರಿನ ಅದಿರು ಹೆಚ್ಚಾಗಿ ಶಿರಾಕ್ಕೆ ತಾಗಿದ ಚಿಕ್ಕನಾಯಕನಹಳ್ಳಿಯ ಕಡೆಯದು. ಈ ನಾಲ್ಕು ತಾಲ್ಲೂಕುಗಳ ಪಾಲಿನದು ಮುಖ್ಯವಾಗಿ ಕಲ್ಲು ಮತ್ತು ಮರಳು. ಖನಿಜ ಯಾವುದೇ ಇರಲಿ, ಅದು ನೆಲ ಬಿಟ್ಟ ಗಳಿಗೆಯಿಂದ ಅದನ್ನು ತಡೆದು ನೋಡುವ ಅಧಿಕಾರ ಹಲವು ಕೈಗಳಲ್ಲಿ ಹಂಚಿಹೋಗಿದೆ. ಬೇಲೆಕೇರಿ ಬಂದರಿನಲ್ಲಿ ಜಪ್ತಿಯಾದ ಅದಿರು ಕೈತಪ್ಪಿದ್ದು ಅಧಿಕಾರದ ಕೊರತೆಯಿಂದಲ್ಲ, ಈ ಹಂಚಿಕೆಯ ನಡುವೆ ಕಾವಲು ಯಾರದೆಂಬುದು ಸಡಿಲವಾದದ್ದರಿಂದ. ಈ ಲೇಖನದ ವಾದ ಇಷ್ಟೇ.

ಹಂಚಿಕೆಯ ಬೇರು ಸಂವಿಧಾನದ ಏಳನೇ ಅನುಸೂಚಿಯಲ್ಲಿದೆ. ಸೀಮಾ ಸುಂಕವೂ ಪ್ರಧಾನ ಬಂದರುಗಳೂ ಕೇಂದ್ರ ಪಟ್ಟಿಯಲ್ಲಿವೆ. ಇತರ ಬಂದರುಗಳೂ ಅರಣ್ಯವೂ ಸಮವರ್ತಿ ಪಟ್ಟಿಯಲ್ಲಿವೆ. ಗಣಿ ರಾಜ್ಯ ಪಟ್ಟಿಯಲ್ಲಿದ್ದರೂ ಕೇಂದ್ರದ ಶಾಸನಕ್ಕೆ ಅಧೀನ. ಹೀಗಾಗಿ ಕರ್ನಾಟಕದ ಏಕೈಕ ಪ್ರಧಾನ ಬಂದರಾದ ನವಮಂಗಳೂರಿನಲ್ಲಿ ಒಂದು ಆಡಳಿತ, ಕಾರವಾರ, ಬೇಲೆಕೇರಿಗಳಂಥ ಕಿರು ಬಂದರುಗಳಲ್ಲಿ ಇನ್ನೊಂದು.

ಹಡಗು ಹತ್ತುವ ಅಧಿಕಾರವನ್ನು ಅತ್ಯಂತ ಧಾರಾಳವಾಗಿ ಕೊಟ್ಟಿರುವುದು 1962ರ ಕಸ್ಟಮ್ಸ್ ಕಾಯ್ದೆ. ಆಮದು ಅಥವಾ ರಫ್ತಿನ ಸರಕು ಹೊತ್ತ ಯಾವುದೇ ವಾಹನವನ್ನು ನಿಯುಕ್ತ ಅಧಿಕಾರಿ ಯಾವಾಗ ಬೇಕಾದರೂ ಹತ್ತಬಹುದು, ಅಗತ್ಯ ಕಂಡಷ್ಟು ಹೊತ್ತು ಅಲ್ಲೇ ಉಳಿಯಬಹುದು ಎನ್ನುತ್ತದೆ ಅದರ 37ನೇ ಕಲಂ. ಇದಕ್ಕೆ ಸಂಶಯದ ಆಧಾರ ಬೇಕಿಲ್ಲ. ದಾಖಲೆ ಕೇಳುವ, ಪ್ರಶ್ನಿಸುವ ಅಧಿಕಾರ 38ನೇ ಕಲಮಿನಲ್ಲಿದೆ. 106ನೇ ಕಲಮಿನ ಅಡಿ ಹಡಗನ್ನು ಮೂಲೆಮೂಲೆ ಶೋಧಿಸಲು, ಕೀಲಿ ಕೊಡದಿದ್ದರೆ ಬೀಗ ಒಡೆಯಲು ಮಾತ್ರ ಕಳ್ಳಸಾಗಣೆಯ ಬಗ್ಗೆ 'ನಂಬಲು ಕಾರಣ' ಇರಬೇಕು. ಹತ್ತುವುದಕ್ಕೂ ಶೋಧಿಸುವುದಕ್ಕೂ ಶಾಸನ ಎಳೆದಿರುವ ಈ ಗೆರೆ ಅರ್ಥಪೂರ್ಣವಾದದ್ದು. ವ್ಯಾಪಾರಕ್ಕೆ ತೆರೆದ ಬಂದರಿನಲ್ಲಿ ಸರ್ಕಾರದ ಕಣ್ಣು ಸದಾ ಇರುತ್ತದೆಂದು ಒಪ್ಪಿಯೇ ಹಡಗು ಒಳಬರುತ್ತದೆ. ಬೀಗ ಒಡೆಯಲು ಅಷ್ಟೇ ಸಾಲದು. ಪ್ರಾಯೋಗಿಕವಾಗಿ ಇವೆಲ್ಲಕ್ಕಿಂತ ಬಲವಾದದ್ದು 42ನೇ ಕಲಂ: ಕಸ್ಟಮ್ಸ್ ಅಧಿಕಾರಿಯ ಲಿಖಿತ ಆದೇಶವಿಲ್ಲದೆ ಹಡಗು ಬಂದರು ಬಿಡುವಂತಿಲ್ಲ. ಹಡಗು ಹತ್ತದೆಯೇ ಅದನ್ನು ನಿಲ್ಲಿಸಬಲ್ಲ ಅಧಿಕಾರ ಇದು.

ಬಂದರು ಅಧಿಕಾರಿಯ ಬಲ ಬೇರೆ ಬಗೆಯದು. 1908ರ ಭಾರತೀಯ ಬಂದರುಗಳ ಕಾಯ್ದೆಯ 15ನೇ ಕಲಂ ಪ್ರಕಾರ ಬಂದರು ಸಂರಕ್ಷಣಾಧಿಕಾರಿ ಮತ್ತು ಅವರ ಸಹಾಯಕರು ಆ ಕಾಯ್ದೆಯ ಅಪರಾಧ ನಡೆದಿದೆ ಅಥವಾ ನಡೆಯಲಿದೆ ಎಂಬ ಸಂಶಯವಿದ್ದಾಗ, ಇಲ್ಲವೇ ತಮ್ಮ ಕರ್ತವ್ಯಕ್ಕೆ ಅಗತ್ಯವಾದಾಗ, ಬಂದರಿನ ಮೇರೆಯೊಳಗಿನ ಯಾವುದೇ ಹಡಗನ್ನು ಹತ್ತಬಹುದಿತ್ತು. ಅದಿರು ಎಲ್ಲಿಂದ ಬಂತು, ಪರ್ಮಿಟ್ ನಿಜವೇ ಎಂದು ವಿಚಾರಿಸುವುದು ಆ ಕಾಯ್ದೆಯ ಉದ್ದೇಶವಾಗಿರಲಿಲ್ಲ. ನೌಕಾಮಾರ್ಗ, ಶುಲ್ಕ, ಬೆಂಕಿಯ ಅಪಾಯ ಇವೇ ಅದರ ಕಾಳಜಿ.

ಇನ್ನು ಅರಣ್ಯಾಧಿಕಾರಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಕಾಡಿನಿಂದ ತಂದ ಖನಿಜವೂ ಅರಣ್ಯೋತ್ಪನ್ನವೇ. ಅಪರಾಧ ನಡೆದಿದೆಯೆಂದು ನಂಬಲು ಕಾರಣವಿದ್ದರೆ 62ನೇ ಕಲಂ ಅಡಿ ಆತ ಜಪ್ತಿ ಮಾಡಬಹುದು. 2010ರ ಮಾರ್ಚ್ 20ರಂದು ಅಂಕೋಲಾ ತಾಲ್ಲೂಕಿನ ಬೇಲೆಕೇರಿಯಲ್ಲಿ ಉಪ ಅರಣ್ಯ ಸಂರಕ್ಷಣಾಧಿಕಾರಿ ಆರ್. ಗೋಕುಲ್ ಸುಮಾರು 8 ಲಕ್ಷ ಟನ್ ಅದಿರನ್ನು ಜಪ್ತಿ ಮಾಡಿದ್ದು ಅರಣ್ಯ ಕಾಯ್ದೆಯ ಈ ಬಲದಿಂದ. ಜಪ್ತಿಯಾದ ರಾಶಿ ಬಂದರಿನ ಅಂಗಳದಲ್ಲೇ, ಬಂದರು ಅಧಿಕಾರಿಯ ವಶದಲ್ಲೇ ಉಳಿಯಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಅದರಲ್ಲಿ ಸುಮಾರು 5 ಲಕ್ಷ ಟನ್ ಅಲ್ಲಿರಲಿಲ್ಲ.

ಬೇಲೆಕೇರಿಯಲ್ಲಿ ದೊಡ್ಡ ಹಡಗು ದಡಕ್ಕೆ ಬರುತ್ತಿರಲಿಲ್ಲ. ಅದಿರು ಬಾರ್ಜ್‌ಗಳಲ್ಲಿ ಹೊರಕಡಲಿನ ಲಂಗರಿಗೆ ಸಾಗಿ ಅಲ್ಲಿ ಹಡಗಿಗೇರುತ್ತಿತ್ತು. ಅಂದರೆ ಜಪ್ತಿಯಾದ ಅದಿರು ಲಾರಿ, ಬಾರ್ಜ್, ಹಡಗು ಎಂಬ ಮೂರು ಹಂತ ದಾಟಬೇಕಿತ್ತು. ಪ್ರತಿ ಹಂತದಲ್ಲೂ ತಡೆಯಬಲ್ಲ ಕಾನೂನು ಇತ್ತು. ಕಸ್ಟಮ್ಸ್ ಅನುಮತಿ ಇಲ್ಲದೆ ಲೋಡಿಂಗ್ ಇಲ್ಲ ಎನ್ನುವ 40ನೇ ಕಲಂ ಇತ್ತು, ಬಂದರು ಅಧಿಕಾರಿಗೆ ಹಡಗು ಹತ್ತುವ ಬಲವಿತ್ತು. ಜಪ್ತಿ ಮಾಡಿದ ಇಲಾಖೆಗೆ ಅದಿರಿನ ಮೂಲ ಗೊತ್ತಿತ್ತು, ಕಡಲಿನ ಮೇಲೆ ಹಿಡಿತವಿರಲಿಲ್ಲ. ಕಡಲಿನ ಮೇಲೆ ಹಿಡಿತವಿದ್ದವರಿಗೆ ಅದಿರಿನ ಮೂಲ ತಮ್ಮ ಕೆಲಸವೆನಿಸಲಿಲ್ಲ. ಗೋಕುಲ್ ಅವರನ್ನು ಅಮಾನತು ಮಾಡಿದಾಗ ಅದನ್ನು ಪ್ರತಿಭಟಿಸಿ 2010ರ ಜೂನ್‌ನಲ್ಲಿ ಲೋಕಾಯುಕ್ತರು ರಾಜೀನಾಮೆ ಕೊಟ್ಟರು, ಬಳಿಕ ಹಿಂಪಡೆದರು. ಕೆಲಸ ಮಾಡಿದ ಅಧಿಕಾರಿಗೆ ರಕ್ಷಣೆಯಿಲ್ಲದಿದ್ದರೆ ಯಾವ ಕಲಂ ಇದ್ದೂ ಫಲವಿಲ್ಲವೆಂಬ ನೋವು ಆ ರಾಜೀನಾಮೆಯಲ್ಲಿತ್ತು ಎಂದೇ ನಾನು ಓದುತ್ತೇನೆ. ಸುಪ್ರೀಂ ಕೋರ್ಟ್ ನಿರ್ದೇಶನದಂತೆ ಸಿಬಿಐ ತನಿಖೆ ನಡೆಯಿತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಬಂದರಿನ ಅಂದಿನ ಅಧಿಕಾರಿ, ಒಬ್ಬ ಶಾಸಕ ಮತ್ತಿತರರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ ಶಿಕ್ಷೆ ವಿಧಿಸಿತು. ಮರುತಿಂಗಳು ಹೈಕೋರ್ಟ್ ಮೇಲ್ಮನವಿಯಲ್ಲಿ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಹಾಗಾಗಿ ವೈಯಕ್ತಿಕ ಹೊಣೆಯ ಪ್ರಶ್ನೆಯನ್ನು ನ್ಯಾಯಾಲಯಕ್ಕೇ ಬಿಟ್ಟು, ಇಲ್ಲಿ ವ್ಯವಸ್ಥೆಯ ಬಿರುಕನ್ನಷ್ಟೇ ನೋಡಿದ್ದೇನೆ.

ಈ ಬಿರುಕನ್ನು ಮಧುಗಿರಿ ಉಪವಿಭಾಗದ ನೆಲಕ್ಕೆ ತಂದು ನೋಡಬೇಕು. ಹಡಗು ಹತ್ತುವುದಕ್ಕೆ ಇಲ್ಲಿ ಸಮಾನವಾದದ್ದು ಲಾರಿ ತಡೆಯುವುದು. ಜಯಮಂಗಲಿ, ಸುವರ್ಣಮುಖಿಯ ಪಾತ್ರದಿಂದಲೋ ಪಾವಗಡದ ಉತ್ತರ ಪಿನಾಕಿನಿಯ ಪಾತ್ರದಿಂದಲೋ ಪರವಾನಗಿಯಿಲ್ಲದೆ ಮರಳು ಹೊರಟರೆ 1957ರ ಗಣಿ ಮತ್ತು ಖನಿಜ ಕಾಯ್ದೆಯ 21ನೇ ಕಲಂ ಅಡಿ ವಾಹನವನ್ನು ಜಪ್ತಿ ಮಾಡಬಹುದು. 23ಬಿ ಕಲಂ ಶೋಧನೆಯ ಅಧಿಕಾರ ಕೊಡುತ್ತದೆ, 24ನೇ ಕಲಂ ಗಣಿಯೊಳಗೆ ಹೋಗಿ ಪರಿಶೀಲಿಸುವ ಅಧಿಕಾರವನ್ನು. ಆದರೆ 22ನೇ ಕಲಂ ಪ್ರಕಾರ ಅಧಿಕೃತ ವ್ಯಕ್ತಿಯ ಲಿಖಿತ ದೂರಿಲ್ಲದೆ ನ್ಯಾಯಾಲಯ ಪ್ರಕರಣವನ್ನು ಎತ್ತಿಕೊಳ್ಳುವಂತಿಲ್ಲ. ಈ ತೊಡಕನ್ನು ಸುಪ್ರೀಂ ಕೋರ್ಟ್ 2014ರಲ್ಲಿ ದೆಹಲಿ ಸರ್ಕಾರ ವಿರುದ್ಧ ಸಂಜಯ್ ಪ್ರಕರಣದಲ್ಲಿ ಸಡಿಲಿಸಿತು. ನದಿಪಾತ್ರದ ಮರಳನ್ನು ಒಯ್ಯುವುದು ಸರ್ಕಾರದ ಆಸ್ತಿಯ ಕಳ್ಳತನವೂ ಆದ್ದರಿಂದ ಪೊಲೀಸರು ದಂಡಸಂಹಿತೆಯ ಅಡಿ ನೇರವಾಗಿ ಮುಂದುವರಿಯಬಹುದು ಎಂದಿತು. ಅಂತರ್ಜಲ ಬತ್ತಿದ ಈ ತಾಲ್ಲೂಕುಗಳಿಗೆ ಆ ತೀರ್ಪು ದೊಡ್ಡ ಆಸರೆ.

ಪಾವಗಡದ ಸ್ಥಿತಿ ಇನ್ನೂ ಸೂಕ್ಷ್ಮ. ಮೂರು ದಿಕ್ಕಿನಲ್ಲಿ ಆಂಧ್ರಪ್ರದೇಶದ ಗಡಿ. ಕರ್ನಾಟಕದ ಗಣಿ ಅಧಿಕಾರಿಯ ಕೈ ಗಡಿಯಲ್ಲಿ ನಿಲ್ಲುತ್ತದೆ, ಬಂದರಿನ ಮೇರೆ ದಾಟಿದ ಹಡಗಿನ ಮುಂದೆ ಬಂದರು ಅಧಿಕಾರಿಯ ಕೈ ನಿಂತಂತೆ. ಆದ್ದರಿಂದ ತಪಾಸಣೆಯ ತೂಕ ಮೂಲಸ್ಥಳದಲ್ಲೇ ಬೀಳಬೇಕು.

2025ರಲ್ಲಿ ಸಂಸತ್ತು 1908ರ ಕಾಯ್ದೆಯ ಜಾಗಕ್ಕೆ ಹೊಸ ಬಂದರುಗಳ ಕಾಯ್ದೆಯನ್ನು ತಂದಿದೆ. ಆದರೆ ಬೇಲೆಕೇರಿಯ ಬಿರುಕು ಮುಚ್ಚಬೇಕಾದದ್ದು ಬಂದರು ಕಾನೂನಿನಲ್ಲಿ ಮಾತ್ರವಲ್ಲ. ಜಪ್ತಿಯಾದ ಖನಿಜವನ್ನು ಆ ಸರಕಿನ ವಹಿವಾಟು ನಡೆಯುವ ಜಾಗದ ಉಸ್ತುವಾರಿಯಲ್ಲೇ ಬಿಡಬಾರದು. ಜಪ್ತಿಯ ಮಹಜರಿನಲ್ಲಿ ತೂಕ, ರಾಶಿಯ ಅಳತೆ, ಪರ್ಮಿಟ್ ಸಂಖ್ಯೆ ಇರಬೇಕು. ಅದರ ಪ್ರತಿ ಅದೇ ದಿನ ಕಸ್ಟಮ್ಸ್‌ಗೆ ತಲುಪಬೇಕು, ಲೋಡಿಂಗ್ ಅನುಮತಿಯಾಗಲಿ ಹಡಗು ಬಿಡುವ ಆದೇಶವಾಗಲಿ ಅದನ್ನು ನೋಡದೆ ಹೊರಡದಂತೆ. ಮಧುಗಿರಿಯ ಕಲ್ಲುಕ್ವಾರಿಗೂ ಕಾರವಾರದ ಅಂಗಳಕ್ಕೂ ಒಂದೇ ನಮೂನೆ ಸಾಕು. ಇದರಲ್ಲಿ ರಾಜ್ಯದ ಪಾಲಿನ ಕೆಲಸಕ್ಕೆ ಹೊಸ ಶಾಸನ ಬೇಕಿಲ್ಲ. ಗಣಿ ಮತ್ತು ಖನಿಜ ಕಾಯ್ದೆಗೆ 1999ರ ತಿದ್ದುಪಡಿಯಿಂದ ಸೇರಿದ 23ಸಿ ಕಲಂ ಚೆಕ್‌ಪೋಸ್ಟ್, ತೂಕದ ಸೇತುವೆ, ಸಂಗ್ರಹಸ್ಥಳದಲ್ಲೂ ಸಾಗಣೆಯಲ್ಲೂ ತಪಾಸಣೆ ಇವಕ್ಕೆ ನಿಯಮ ರಚಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಬಂದರಿನ ಅದಿರು ರಾಶಿಯೂ ಸಂಗ್ರಹಸ್ಥಳವೇ.