ಸೋತು ಬಂದ ಸೈನಿಕನ ಪ್ರಶ್ನೆ

1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದ ವಿಷಯ ನಿಮಗೆಲ್ಲ ಗೊತ್ತು. ಅದರ ಮರುದಿನ ಜಪಾನಿ ಸೈನ್ಯದ ಒಬ್ಬ ಕಿರಿಯ ಟ್ಯಾಂಕ್ ಅಧಿಕಾರಿಗೆ ಇಪ್ಪತ್ತೆರಡು ವರ್ಷ ತುಂಬಿತು. ಅದಾಗಿ ಎಂಟು ದಿನಕ್ಕೆ, ಆಗಸ್ಟ್ 15ರಂದು, ಚಕ್ರವರ್ತಿಯ ಧ್ವನಿ ರೇಡಿಯೋದಲ್ಲಿ ಕೇಳಿಬಂತು. ಜಪಾನ್ ಸೋತಿತ್ತು. ಟೋಕಿಯೋದ ಉತ್ತರಕ್ಕಿರುವ ಸಾನೋ ಎಂಬ ಊರಿನಲ್ಲಿ ತನ್ನ ದಳದೊಂದಿಗೆ ಬೀಡುಬಿಟ್ಟಿದ್ದ ಆ ತರುಣನನ್ನು ಒಂದು ಪ್ರಶ್ನೆ ಹಿಡಿದುಕೊಂಡಿತು. ನಾವು ಇಷ್ಟೊಂದು ಅವಿವೇಕಿಗಳಾದದ್ದು ಯಾವಾಗ? ನಮ್ಮ ಹಿಂದಿನವರೂ ಹೀಗೆಯೇ ಇದ್ದರೇ?

ಆ ತರುಣ ಮುಂದೆ ಶಿಬಾ ರಿಯೋತಾರೊ ಎಂಬ ಹೆಸರಿನಲ್ಲಿ ಜಪಾನಿನ ಅತ್ಯಂತ ಜನಪ್ರಿಯ ಐತಿಹಾಸಿಕ ಕಾದಂಬರಿಕಾರರಲ್ಲಿ ಒಬ್ಬರಾದರು. ತಾನು ಬರೆದುದೆಲ್ಲ ಆ ಇಪ್ಪತ್ತೆರಡರ ಹುಡುಗನಿಗೆ ಬರೆದ ಕಾಗದಗಳೆಂದು ಅವರು ಹೇಳಿಕೊಳ್ಳುತ್ತಿದ್ದರು. ಅವರ ಪುಸ್ತಕಗಳ ಪಟ್ಟಿ ಬಹಳ ಉದ್ದ. ಅದನ್ನೆಲ್ಲ ಒಪ್ಪಿಸುವುದಕ್ಕಿಂತ ಈ ಪ್ರಶ್ನೆಯನ್ನು ಹಿಡಿದುಕೊಂಡು ಅವರ ಬದುಕನ್ನು ನೋಡುವುದು ಮೇಲು.

ಅವರ ನಿಜವಾದ ಹೆಸರು ಫುಕುದಾ ತೇಯಿಚಿ. ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ ಎಂಬುದನ್ನು ನೆನಪಿಡಿ. 1923ರಲ್ಲಿ ಒಸಾಕಾ ನಗರದಲ್ಲಿ ಹುಟ್ಟಿದರು. ತಂದೆಗೆ ಔಷಧಿ ಅಂಗಡಿ ಇತ್ತು. ಹುಡುಗನಿಗೆ ತರಗತಿಗಿಂತ ಊರಿನ ಪುಸ್ತಕಾಲಯವೇ ಹೆಚ್ಚು ಹಿಡಿಸಿತ್ತು. ವಿಶ್ವವಿದ್ಯಾಲಯಕ್ಕೆ ಮೆಟ್ಟಿಲಾಗಿದ್ದ ಉನ್ನತ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದರು. ಕೊನೆಗೆ 1942ರಲ್ಲಿ ಒಸಾಕಾದ ವಿದೇಶೀ ಭಾಷೆಗಳ ಶಾಲೆಯನ್ನು ಸೇರಿ ಮಂಗೋಲಿಯನ್ ಭಾಷೆ ಕಲಿಯತೊಡಗಿದರು.

1943ರಲ್ಲಿ ಜಪಾನ್ ಸರ್ಕಾರ ಕಾಲೇಜು ವಿದ್ಯಾರ್ಥಿಗಳಿಗಿದ್ದ ಸೈನಿಕ ಸೇವೆಯ ವಿನಾಯಿತಿಯನ್ನು ತೆಗೆದುಹಾಕಿತು. ವಿಜ್ಞಾನ ಮತ್ತು ತಂತ್ರಜ್ಞಾನ ಓದುತ್ತಿದ್ದವರಿಗೆ ವಿನಾಯಿತಿ ಬಹುಮಟ್ಟಿಗೆ ಉಳಿಯಿತು. ಸಾಹಿತ್ಯ, ಕಾನೂನು, ಭಾಷೆ ಓದುತ್ತಿದ್ದವರು ಬಂದೂಕು ಹಿಡಿಯಬೇಕಾಯಿತು. ವಿಜ್ಞಾನದ ಪದವೀಧರನಾದ ನನಗೆ ಈ ವಿವರವನ್ನು ಓದುವಾಗಲೆಲ್ಲ ಸ್ವಲ್ಪ ಇರುಸುಮುರುಸಾಗುತ್ತದೆ. ಯುದ್ಧಕ್ಕೆ ಯಾರು ಬೇಕು, ಯಾರು ಹೋದರೂ ನಡೆಯುತ್ತದೆ ಎಂಬ ಲೆಕ್ಕ ಅದರಲ್ಲಿ ಅಡಗಿದೆ.

ಫುಕುದಾ ಅವರನ್ನು ಟ್ಯಾಂಕ್ ದಳಕ್ಕೆ ಹಾಕಿದರು. ಮಂಚೂರಿಯಾದಲ್ಲಿ ತರಬೇತಿ ನಡೆಯಿತು. ಅಂದಿನ ಜಪಾನಿನ ಮುಖ್ಯ ಟ್ಯಾಂಕಿನ ಉಕ್ಕಿನ ಕವಚ ಸುಮಾರು 25 ಮಿಲಿಮೀಟರ್ ದಪ್ಪ. ನಿಮ್ಮ ಅಳತೆಪಟ್ಟಿಯಲ್ಲಿ ಎರಡೂವರೆ ಸೆಂಟಿಮೀಟರ್ ಎಷ್ಟೆಂದು ನೋಡಿ. ಗಡಿಯಾಚೆ ಸೋವಿಯತ್ ಸೈನ್ಯದ ಬಳಿ ಇದ್ದ ಟಿ-34 ಟ್ಯಾಂಕಿನ ಮುಂಭಾಗದ ಕವಚ 45 ಮಿಲಿಮೀಟರ್. ಅದನ್ನು ನೇರವಾಗಿ ನಿಲ್ಲಿಸದೆ ಲಂಬಕ್ಕೆ 60 ಡಿಗ್ರಿ ಓರೆಯಾಗಿ ಕೂಡಿಸಿದ್ದರು. ತ್ರಿಕೋನಮಿತಿ ಓದಿದವರು ಲೆಕ್ಕ ಹಾಕಿ: ನೇರವಾಗಿ ಬರುವ ಗುಂಡು ಸೀಳಬೇಕಾದ ಉಕ್ಕು 90 ಮಿಲಿಮೀಟರ್ ಆಗುತ್ತದೆ. ಇಂಥ ವ್ಯತ್ಯಾಸವನ್ನು ಸೈನಿಕನ ಧೈರ್ಯದಿಂದ ತುಂಬಿಸಬಹುದು ಎಂದು ಮೇಲಿನವರು ನಂಬಿದ್ದರು. ಟ್ಯಾಂಕಿನ ಒಳಗೆ ಕೂರುವವನಿಗೆ ಆ ನಂಬಿಕೆ ಬರುವುದು ಕಷ್ಟ.

1945ರಲ್ಲಿ ಅವರ ದಳವನ್ನು ಸ್ವದೇಶದ ರಕ್ಷಣೆಗೆಂದು ಸಾನೋಗೆ ಕರೆಸಿಕೊಂಡರು. ಅಮೆರಿಕದ ಸೈನ್ಯ ಸಮುದ್ರ ತೀರದಲ್ಲಿ ಇಳಿದರೆ ಟ್ಯಾಂಕುಗಳು ಆ ಕಡೆಗೆ ಧಾವಿಸಬೇಕು. ಆದರೆ ಅದೇ ರಸ್ತೆಯಲ್ಲಿ ಟೋಕಿಯೋದ ಜನ ಗಂಟುಮೂಟೆ ಹೊತ್ತು ಎದುರಿಗೆ ಓಡಿಬರುತ್ತಾರಲ್ಲ, ಅವರನ್ನೇನು ಮಾಡುವುದು ಎಂದು ಸೈನಿಕ ಕೇಂದ್ರದಿಂದ ಬಂದಿದ್ದ ಅಧಿಕಾರಿಯನ್ನು ಕೇಳಿದಾಗ, ಅವರ ಮೇಲೆಯೇ ಹರಿಸಿಕೊಂಡು ಹೋಗಿ ಎಂಬ ಉತ್ತರ ಬಂತಂತೆ. ಈ ಪ್ರಸಂಗ ನಮಗೆ ತಿಳಿದಿರುವುದು ಶಿಬಾ ಅವರ ಬರಹಗಳಿಂದ. ಜನರನ್ನು ಕಾಪಾಡಲು ಬಂದ ಸೈನ್ಯ ಜನರನ್ನೇ ತುಳಿಯುವುದಾದರೆ ಕಾಪಾಡುವುದು ಯಾರನ್ನು? ಸೋಲಿನ ದಿನದ ಪ್ರಶ್ನೆಗೆ ಬೇರು ಇಲ್ಲಿದೆ.

ಯುದ್ಧ ಮುಗಿದ ಮೇಲೆ ಅವರು ಪತ್ರಕರ್ತರಾದರು. 1948ರಿಂದ ಸಾಂಕೇಯಿ ಪತ್ರಿಕೆಯ ಕ್ಯೋಟೋ ಕಚೇರಿಯಲ್ಲಿ ವಿಶ್ವವಿದ್ಯಾಲಯ ಮತ್ತು ದೇವಾಲಯಗಳ ವರದಿ ಅವರ ಪಾಲಿನ ಕೆಲಸ. 1950ರಲ್ಲಿ ಅಲ್ಲಿನ ಪ್ರಸಿದ್ಧ ಸ್ವರ್ಣಮಂದಿರ ಕಿನ್ಕಾಕುಜಿಗೆ ಒಬ್ಬ ತರುಣ ಭಿಕ್ಷುವೇ ಬೆಂಕಿ ಇಟ್ಟಾಗ ಅದನ್ನೂ ವರದಿ ಮಾಡಿದರು. ಊರೂರು ಸುತ್ತುವುದು, ಸಂಬಂಧಪಟ್ಟವರನ್ನು ಮಾತಾಡಿಸುವುದು, ಜಾಗವನ್ನು ಕಣ್ಣಾರೆ ನೋಡುವುದು: ಈ ವರದಿಗಾರನ ಅಭ್ಯಾಸ ಅವರ ಕಾದಂಬರಿಗಳಲ್ಲಿ ಕಡೆಯವರೆಗೂ ಉಳಿಯಿತು.

ಕಥೆ ಬರೆಯಲು ಅವರು ಇಟ್ಟುಕೊಂಡ ಹೆಸರಿನಲ್ಲೂ ಒಂದು ಸ್ವಾರಸ್ಯವಿದೆ. ಸಿಮಾ ಚಿಯನ್ ಎಂಬಾತ ಕ್ರಿಸ್ತಪೂರ್ವ ಕಾಲದ ಚೀನಾದ ಮಹಾ ಇತಿಹಾಸಕಾರ. ಅವನ ಮನೆತನದ ಹೆಸರನ್ನು ಜಪಾನೀಯರು ಶಿಬಾ ಎಂದು ಓದುತ್ತಾರೆ. 'ಶಿಬಾನಿಗೆ ಎಂದೂ ಎಟುಕದಷ್ಟು ದೂರದಲ್ಲಿರುವ ಜಪಾನಿನವನು' ಎಂಬ ಅರ್ಥ ಬರುವಂತೆ ಅವರು ಶಿಬಾ ರಿಯೋತಾರೊ ಎಂದು ಹೆಸರಿಟ್ಟುಕೊಂಡರು. 1960ರಲ್ಲಿ 'ಗೂಬೆಗಳ ಕೋಟೆ' ಎಂಬ ಕಾದಂಬರಿಗೆ ನವೋಕಿ ಪ್ರಶಸ್ತಿ ಬಂತು. ಮರುವರ್ಷ ನೌಕರಿ ಬಿಟ್ಟರು.

1962ರಿಂದ 1966ರವರೆಗೆ ಅವರ 'ರಿಯೋಮಾ ಹೊರಟ' ಕಾದಂಬರಿ ಅದೇ ಸಾಂಕೇಯಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಸಾಕಾಮೊಟೊ ರಿಯೋಮಾ ಎಂಬಾತ ತೋಸಾ ಸೀಮೆಯ ಕೆಳದರ್ಜೆಯ ಸಮುರಾಯ್ ಮನೆತನದವನು. ಒಬ್ಬರನ್ನೊಬ್ಬರು ದ್ವೇಷಿಸುತ್ತಿದ್ದ ಸತ್ಸುಮಾ ಮತ್ತು ಚೋಶು ಸಂಸ್ಥಾನಗಳು 1866ರಲ್ಲಿ ಕೈಜೋಡಿಸುವಂತೆ ಮಾಡಿದವರಲ್ಲಿ ಅವನೂ ಒಬ್ಬ. ಶೋಗನ್ನರ ಆಳ್ವಿಕೆ ಕೊನೆಗೊಂಡದ್ದಕ್ಕೆ ಆ ಮೈತ್ರಿ ದೊಡ್ಡ ಕಾರಣ. 1867ರಲ್ಲಿ ಕ್ಯೋಟೋದಲ್ಲಿ ಅವನ ಕೊಲೆಯಾಯಿತು. ಶಿಬಾ ಅವರ ಕೈಯಲ್ಲಿ ಈ ರಿಯೋಮಾ ಹುಟ್ಟಿನ ಹಂಗಿಲ್ಲದ, ಸಮುದ್ರದಾಚೆಗೆ ಕಣ್ಣಿಟ್ಟ, ನಗುನಗುತ್ತ ಕೆಲಸ ಸಾಧಿಸುವ ತರುಣನಾದ. ಸೋತ ದೇಶದ ಓದುಗರಿಗೆ, ಅದರಲ್ಲೂ ಆಫೀಸು ಕಾರ್ಖಾನೆಗಳಿಗೆ ರೈಲಿನಲ್ಲಿ ಹೋಗುತ್ತ ಪತ್ರಿಕೆ ಓದುತ್ತಿದ್ದವರಿಗೆ, ಹಾಗೆ ಬದುಕಿದವನೊಬ್ಬ ನಮ್ಮಲ್ಲೂ ಇದ್ದ ಎಂಬುದೇ ಒಂದು ಸಮಾಧಾನವಾಗಿತ್ತು.

ಇಲ್ಲಿ ನನ್ನ ವೃತ್ತಿಯ ಮಾತು ಬರುತ್ತದೆ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1963ರಿಂದ ಭಾನುವಾರ ರಾತ್ರಿ ವರ್ಷವಿಡೀ ನಡೆಯುವ ಐತಿಹಾಸಿಕ ಧಾರಾವಾಹಿಗಳನ್ನು ಪ್ರಸಾರ ಮಾಡುತ್ತ ಬಂದಿದೆ. 1968ರಲ್ಲಿ ರಿಯೋಮಾನ ಕಾದಂಬರಿ ತೆರೆಗೆ ಬಂತು. 2006ರ ಹೊತ್ತಿಗೆ ಶಿಬಾ ಅವರ ಆರು ಕಥೆಗಳು ಹೀಗೆ ಧಾರಾವಾಹಿಗಳಾಗಿದ್ದವು. ಟೆಲಿವಿಷನ್ನಿನ ಶಕ್ತಿಯೇ ಅದರ ಅಪಾಯ. ಒಮ್ಮೆ ಒಬ್ಬ ನಟ ಒಬ್ಬ ಐತಿಹಾಸಿಕ ವ್ಯಕ್ತಿಯ ಮುಖವಾದರೆ, ಆಮೇಲೆ ನೀವು ಆ ಹೆಸರನ್ನು ಪಠ್ಯಪುಸ್ತಕದಲ್ಲಿ ಓದಿದರೂ ಕಣ್ಣ ಮುಂದೆ ಬರುವುದು ಆ ನಟನೇ. ಇಂದು ಜಪಾನೀಯರ ಮನಸ್ಸಿನಲ್ಲಿರುವ ರಿಯೋಮಾ ಬಹುಪಾಲು ಶಿಬಾ ಅವರ ರಿಯೋಮಾ. ಶಿಬಾ ಬರೆಯುವವರೆಗೆ ಅವನ ಹೆಸರೇ ಯಾರಿಗೂ ಗೊತ್ತಿರಲಿಲ್ಲ ಎಂದು ಕೆಲವರು ಹೇಳುವುದು ಮಾತ್ರ ಅತಿಯಾಯಿತು. ಅವನ ಊರಿನ ಕಡಲತೀರದಲ್ಲಿ 1928ರಲ್ಲೇ ಪ್ರತಿಮೆ ನಿಂತಿತ್ತು. ಆದರೆ 2003ರಲ್ಲಿ ಕೋಚಿ ವಿಮಾನ ನಿಲ್ದಾಣಕ್ಕೆ ಅವನ ಹೆಸರು ಸೇರುವಷ್ಟು ಮಟ್ಟಿಗೆ ಅವನು ಮನೆಮಾತಾದದ್ದರಲ್ಲಿ ಕಾದಂಬರಿಯ ಪಾಲು ದೊಡ್ಡದು.

2017ರಲ್ಲಿ ಜಪಾನಿನ ಇತಿಹಾಸ ಅಧ್ಯಾಪಕರ ಒಂದು ಬಳಗ, ಮಕ್ಕಳು ಬಾಯಿಪಾಠ ಮಾಡಬೇಕಾದ ಹೆಸರುಗಳು ಮಿತಿಮೀರಿವೆ, ಕೆಲವನ್ನು ಪಠ್ಯದಿಂದ ಕೈಬಿಡಬಹುದು ಎಂದು ಸಲಹೆ ಮಾಡಿತು. ಆ ಪಟ್ಟಿಯಲ್ಲಿ ರಿಯೋಮಾ ಇದ್ದ! ದೊಡ್ಡ ಗಲಾಟೆಯೇ ಆಯಿತು. ಶಿಬಾ ಅವರೇನೋ ತಮ್ಮ ನಾಯಕನ ಹೆಸರನ್ನು ಬರೆಯುವಾಗ ಮೂಲ ಲಿಪಿಚಿಹ್ನೆಯನ್ನು ಬಿಟ್ಟು ಅದರ ಸರಳ ರೂಪವನ್ನು ಬಳಸಿದ್ದರು. ಇವನು ಇತಿಹಾಸದ ರಿಯೋಮಾ ಅಲ್ಲ, ನನ್ನ ರಿಯೋಮಾ ಎಂಬ ಸೂಚನೆ ಅದೆಂದು ಹಲವರು ಅರ್ಥ ಮಾಡುತ್ತಾರೆ. ಸೂಚನೆ ಸೂಕ್ಷ್ಮವಾಗಿತ್ತು; ಗಮನಿಸಿದವರು ಕಡಿಮೆ.

1968ರಿಂದ 1972ರವರೆಗೆ ಬಂದ 'ಗುಡ್ಡದ ಮೇಲಣ ಮೋಡ' ಇನ್ನೂ ದೊಡ್ಡ ಕೃತಿ. ಮಾತ್ಸುಯಾಮಾ ಎಂಬ ಸಣ್ಣ ಊರಿನ ಮೂವರು ಇದರ ನಾಯಕರು: ಅಶ್ವದಳ ಕಟ್ಟಿದ ಅಕಿಯಾಮಾ ಯೋಶಿಫುರು, ನೌಕಾದಳ ಸೇರಿದ ಅವನ ತಮ್ಮ ಸನೆಯುಕಿ, ಹಾಯ್ಕು ಕವಿ ಮಸಾವೊಕಾ ಶಿಕಿ. ಕಥೆ 1904-05ರ ರಷ್ಯಾ-ಜಪಾನ್ ಯುದ್ಧದತ್ತ ಏರುತ್ತ ಹೋಗುತ್ತದೆ. ಆ ಗೆಲುವಿನ ಸುದ್ದಿ ಬಾಲಕನಾಗಿದ್ದ ತಮ್ಮನ್ನು ಎಷ್ಟು ಹುರಿದುಂಬಿಸಿತು ಎಂಬುದನ್ನು ಜವಾಹರಲಾಲ್ ನೆಹರೂ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಸೈನಿಕನ ಪ್ರಶ್ನೆಗೆ ಶಿಬಾ ಕೊಟ್ಟ ಉತ್ತರ ಈ ಕಾದಂಬರಿಯಲ್ಲಿ ಸ್ಪಷ್ಟವಾಗಿದೆ. 1868ರ ನಂತರದ ಮೇಜಿ ಯುಗದ ಜಪಾನೀಯರು ತಮ್ಮ ದೇಶ ಬಡದೇಶ, ಸಣ್ಣದೇಶ ಎಂದು ಅರಿತು ಲೆಕ್ಕಾಚಾರದಿಂದ ನಡೆದರು. ರಷ್ಯಾವನ್ನು ಗೆದ್ದ ಮೇಲೆ ಅವರ ಮಕ್ಕಳಿಗೆ ಆ ಲೆಕ್ಕ ಮರೆತುಹೋಯಿತು. ಪೋರ್ಟ್ ಆರ್ಥರ್ ಕೋಟೆಯ ಮುತ್ತಿಗೆಯಲ್ಲಿ ಸುಮಾರು 60,000 ಜಪಾನಿ ಸೈನಿಕರು ಸತ್ತರು ಅಥವಾ ಗಾಯಗೊಂಡರು. ಅಲ್ಲಿನ ಸೇನಾಪತಿ ನೋಗಿ, ತನ್ನ ಇಬ್ಬರು ಮಕ್ಕಳನ್ನೂ ಅದೇ ಯುದ್ಧದಲ್ಲಿ ಕಳೆದುಕೊಂಡವನು, ದೇಶದ ಪೂಜ್ಯ ವೀರನೆನಿಸಿದ್ದ. ಶಿಬಾ ಅವನನ್ನು ಅಸಮರ್ಥನೆಂದು ಚಿತ್ರಿಸಿದರು. ನಡೆದುಹೋದ ಯುದ್ಧವನ್ನು ಕುರ್ಚಿಯಲ್ಲಿ ಕೂತು ತೂಗುವುದು ಸುಲಭವೆಂದು ವಿಮರ್ಶಕರು ತಿರುಗಿಬಿದ್ದರು.

ನನಗೆ ಅದಕ್ಕಿಂತ ಗಂಭೀರವಾಗಿ ಕಾಣುವ ಆಕ್ಷೇಪ ಇನ್ನೊಂದಿದೆ. ಆ ಯುದ್ಧ ನಡೆದದ್ದೇ ಕೊರಿಯಾ ಮತ್ತು ಮಂಚೂರಿಯಾ ಯಾರ ಕೈಗೆ ಎಂಬುದಕ್ಕಾಗಿ. 1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿಹಾಕಿತು. ಗುಡ್ಡ ಹತ್ತುವವರ ಉತ್ಸಾಹವನ್ನು ಅಷ್ಟು ಚೆನ್ನಾಗಿ ಕಂಡ ಲೇಖಕ, ಅವರ ಕಾಲಡಿ ಸಿಕ್ಕವರ ಕಡೆಗೆ ಅಷ್ಟೇ ಗಮನ ಕೊಡಲಿಲ್ಲ. ರಸ್ತೆಯಲ್ಲಿ ಎದುರು ಬರುವ ಜನರನ್ನೇನು ಮಾಡುವುದು ಎಂದು ಕೇಳಿದವರಿಂದ ಅದನ್ನು ನಿರೀಕ್ಷಿಸುವುದು ತಪ್ಪಲ್ಲ. ಮೇಜಿ ಕಾಲವೆಲ್ಲ ಬೆಳಕು, ಅನಂತರದ್ದೆಲ್ಲ ಕತ್ತಲೆ ಎಂಬ ಅವರ ವಿಭಜನೆಯನ್ನು ಇತಿಹಾಸಕಾರರು ಈಗಲೂ ಪ್ರಶ್ನಿಸುತ್ತಾರೆ.

ಈ ಕಾದಂಬರಿಯನ್ನು ತೆರೆಗೆ ತರಲು ಕೇಳಿದವರಿಗೆಲ್ಲ ಶಿಬಾ ಒಲ್ಲೆ ಎಂದರು. ಕತ್ತಿ ಫಿರಂಗಿಗಳ ಅಬ್ಬರವಷ್ಟೇ ಕಣ್ಣಿಗೆ ಬಿದ್ದು, ಜನ ಇದನ್ನು ಯುದ್ಧದ ಹೊಗಳಿಕೆ ಎಂದು ತಿಳಿದಾರು ಎಂಬ ಅಂಜಿಕೆ. ಅವರ ನಿಧನಾನಂತರ ಪತ್ನಿಯ ಒಪ್ಪಿಗೆ ಪಡೆದು ಎನ್‌ಎಚ್‌ಕೆ 2009ರಿಂದ 2011ರವರೆಗೆ ಅದನ್ನು 13 ಕಂತುಗಳಲ್ಲಿ ಪ್ರಸಾರ ಮಾಡಿತು. ನಿರ್ಮಾಪಕನಾಗಿ ನನಗೆ ಆ ಆಸೆ ಅರ್ಥವಾಗುತ್ತದೆ. ಆದರೂ ಲೇಖಕರ ಅಂಜಿಕೆ ಸುಳ್ಳಲ್ಲ.

1971ರಿಂದ ಕಡೆಯವರೆಗೆ ಅವರು ಒಂದು ವಾರಪತ್ರಿಕೆಗೆ 'ಹೆದ್ದಾರಿಗಳಲ್ಲಿ' ಎಂಬ ಪ್ರವಾಸ ಲೇಖನಮಾಲೆ ಬರೆದರು. ಅದು 43 ಸಂಪುಟಗಳಾಗಿ ಬೆಳೆದು ಅಪೂರ್ಣವಾಗಿ ನಿಂತಿತು. 1973ರಲ್ಲಿ, ತಾವು ತರುಣರಾಗಿ ಕಲಿತ ಭಾಷೆಯ ನಾಡಾದ ಮಂಗೋಲಿಯಾವನ್ನು ಕಂಡುಬಂದರು. 1989ರಲ್ಲಿ ಪ್ರಾಥಮಿಕ ಶಾಲೆಯ ಪಠ್ಯಪುಸ್ತಕಕ್ಕಾಗಿ, 21ನೆಯ ಶತಮಾನದಲ್ಲಿ ಬಾಳುವ ಮಕ್ಕಳಿಗೆಂದು ಒಂದು ಪುಟ್ಟ ಪ್ರಬಂಧ ಬರೆದರು. ಆ ಶತಮಾನವನ್ನು ತಾನು ಕಾಣಲಾರೆ ಎಂದು ಅದರಲ್ಲಿ ಹೇಳಿದ್ದರು, ಹಾಗೆಯೇ ಆಯಿತು. 1996ರ ಫೆಬ್ರವರಿ 12ರಂದು ಒಸಾಕಾದಲ್ಲಿ ತೀರಿಕೊಂಡರು. ಹಿಗಾಶಿ-ಒಸಾಕಾದ ಅವರ ಮನೆಯ ಪಕ್ಕದಲ್ಲಿ 2001ರಲ್ಲಿ ಸ್ಮಾರಕ ಭವನ ತೆರೆಯಿತು. ವಾಸ್ತುಶಿಲ್ಪಿ ಆಂಡೊ ತಾದಾವೊ ಅಲ್ಲಿ 11 ಮೀಟರ್ ಎತ್ತರದ ಗೋಡೆಯನ್ನೇ ಪುಸ್ತಕದ ಕಪಾಟಾಗಿ ಮಾಡಿ, ಸುಮಾರು 20,000 ಪುಸ್ತಕಗಳನ್ನು ಜೋಡಿಸಿದ್ದಾರೆ. ಇಂಗ್ಲಿಷಿನಲ್ಲಿ ಓದಬಯಸುವವರು ಕೊನೆಯ ಶೋಗನ್ನನನ್ನು ಕುರಿತ ಅವರ ಸಣ್ಣ ಕಾದಂಬರಿಯಿಂದ ಆರಂಭಿಸಬಹುದು; ಅದರ ಅನುವಾದ 1998ರಲ್ಲಿ ಬಂದಿದೆ.

ಇಷ್ಟೆಲ್ಲ ಬರೆದವರು ತಮ್ಮ ಪ್ರಶ್ನೆ ಹುಟ್ಟಿದ ಕಾಲವನ್ನು ಮಾತ್ರ ಕಾದಂಬರಿಯಾಗಿ ಬರೆಯಲಿಲ್ಲ. 1939ರಲ್ಲಿ ಮಂಗೋಲಿಯಾದ ಗಡಿಯ ನೊಮೊನ್‌ಹಾನ್ ಬಯಲಿನಲ್ಲಿ ಸೋವಿಯತ್ ಟ್ಯಾಂಕುಗಳೆದುರು ಜಪಾನಿ ಸೈನ್ಯ ನುಚ್ಚುನೂರಾಗಿತ್ತು. ಆ ಸೋಲನ್ನು ಜನರಿಂದ ಮುಚ್ಚಿಡಲಾಯಿತು, ಪಾಠ ಕಲಿಯಲಿಲ್ಲ. ಅದರ ಬಗ್ಗೆ ಶಿಬಾ ವರ್ಷಗಟ್ಟಲೆ ಕಾಗದಪತ್ರ ಕೂಡಿಸಿದರು, ಬದುಕಿ ಬಂದವರನ್ನು ಕಂಡು ಮಾತಾಡಿದರು. ಕೊನೆಗೆ ಕೈಬಿಟ್ಟರು. ಅವರನ್ನು ಹತ್ತಿರದಿಂದ ಬಲ್ಲ ಪತ್ರಿಕಾ ಸಂಪಾದಕ ಹಾಂದೊ ಕಜುತೋಶಿ 1998ರಲ್ಲಿ ನೊಮೊನ್‌ಹಾನ್ ಬಗ್ಗೆ ತಾವೇ ಒಂದು ಪುಸ್ತಕ ಹೊರತಂದರು. ಅದು ಕಾದಂಬರಿಯಲ್ಲ, ಇತಿಹಾಸ.