ಬೆಟ್ಟದ ಬುಡದ ಕಾಲುದಾರಿ

ಮೋಟಾರು ರಸ್ತೆಯಿಂದ ನಂದಿಬೆಟ್ಟ ನಮಗೆ ಹತ್ತಿರವಾಯಿತೆಂದು ಹೇಳುವುದುಂಟು. ನಿಜ, ಬೆಂಗಳೂರಿನಿಂದ ಅರವತ್ತು ಕಿಲೋಮೀಟರಷ್ಟೆ. ಬೆಳಕು ಹರಿಯುವ ಮುನ್ನ ಹೊರಟರೆ ಸೂರ್ಯೋದಯ ನೋಡಿ, ಕಾಫಿ ಕುಡಿದು, ಊಟದ ಹೊತ್ತಿಗೆ ಮನೆ ಸೇರಬಹುದು. ಆದರೆ ಹೀಗೆ ಹೋಗಿಬಂದವರು ಕಂಡದ್ದು, ಸಮುದ್ರಮಟ್ಟಕ್ಕಿಂತ 4,851 ಅಡಿ ಎತ್ತರದ ಆ ಬೆಟ್ಟದ ನೆತ್ತಿಯನ್ನು ಮಾತ್ರ. ಅದರ ಚರಿತ್ರೆಯ ಬಹುಭಾಗ ನಡೆದದ್ದು ಇಳಿಜಾರಿನ ಕಾಲುದಾರಿಗಳಲ್ಲಿ. ಕೈಯಲ್ಲಿ ಕುಡುಗೋಲು ಹಿಡಿಯುವವರೆಗೆ ನನಗೂ ಇದು ತಿಳಿದಿರಲಿಲ್ಲ.

ನಾವು ಏಳೆಂಟು ಮಂದಿ ಗೆಳೆಯರು. ಮೇಷ್ಟರು, ಬ್ಯಾಂಕಿನ ಗುಮಾಸ್ತರು, ನಿವೃತ್ತರಾದ ಒಬ್ಬ ಇಂಜಿನಿಯರು ಹೀಗೆ. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಬೆಟ್ಟದ ಬುಡದಲ್ಲಿ ಪೊದೆ ಮುಚ್ಚಿಹೋಗಿದ್ದ ಹಳೆಯ ದಾರಿಯೊಂದನ್ನು ಭಾನುವಾರಗಳಂದು ಬಿಡಿಸಲು ಹೊರಟೆವು.

ಈ ಬೆಟ್ಟವನ್ನು ಹತ್ತಿದವರು ಎಷ್ಟು ಬಗೆಯವರು! ಬುಡದ ನಂದಿಗ್ರಾಮದಲ್ಲಿ ಭೋಗನಂದೀಶ್ವರ, ಮೇಲೆ ಯೋಗನಂದೀಶ್ವರ. ಕೆಳಗಿನ ದೇವಾಲಯದ ಉಲ್ಲೇಖ ಕ್ರಿ.ಶ. 806ರಷ್ಟು ಹಿಂದಿನ ಶಾಸನದಲ್ಲಿದೆ. ಕೆಳಗೆ ಭೋಗವನ್ನೂ ಮೇಲೆ ಯೋಗವನ್ನೂ ಇಟ್ಟ ನಮ್ಮ ಹಿರಿಯರು ನಡುವೆ ಏರುದಾರಿಯನ್ನಿಟ್ಟದ್ದು ಅರ್ಥವಿಲ್ಲದೆ ಅಲ್ಲ. ಭಕ್ತರ ಬಳಿಕ ಸೈನಿಕರು ಬಂದರು. ಹೈದರ್ ಮತ್ತು ಟಿಪ್ಪು ಬಲಪಡಿಸಿದ ಕೋಟೆಯನ್ನು 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಮುತ್ತಿತು. ಕಡಿದಾದ ಇಳಿಜಾರಿನಲ್ಲಿ ಫಿರಂಗಿ ಏರಿಸಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಮೊದಲು ದಾರಿಯನ್ನೇ ಕಡಿಯಬೇಕಾಯಿತು. ಸುಮಾರು ಮೂರು ವಾರಗಳ ಮುತ್ತಿಗೆಯ ಬಳಿಕ ಅಕ್ಟೋಬರಿನ ಒಂದು ರಾತ್ರಿ ಕೋಟೆ ಬಿದ್ದಿತು. ಮುಂದೆ, 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಬೇಸಿಗೆ ಕಳೆಯಲು ಮೇಲೊಂದು ಬಂಗಲೆ ಕಟ್ಟಿಸಿದನು. 1927ರಲ್ಲಿ, ಮತ್ತೆ 1936ರಲ್ಲಿ, ಗಾಂಧೀಜಿಯವರು ಇಲ್ಲಿ ವಿಶ್ರಾಂತಿ ಪಡೆದರು. ಇವರೆಲ್ಲರ ಹೆಸರು ಪುಸ್ತಕಗಳಲ್ಲಿದೆ. ಇವರ ಹೊರೆ ಹೊತ್ತು, ಸೌದೆ ತಂದು, ದಾರಿ ಸವೆಸಿದವರ ಹೆಸರು ಎಲ್ಲಿಯೂ ಇಲ್ಲ. ಅವರು ಬಿಟ್ಟುಹೋದ ಬರಹವೆಂದರೆ ಆ ದಾರಿಯೇ.

ಅದನ್ನು ಓದಲು ಹೋಗಿ ನಾವು ಎಡವಿದೆವು. ಲಂಟಾನದ ಮುಳ್ಳು ಕೈ ಗೀರುತ್ತಿತ್ತು. ಅಮೆರಿಕದ ಈ ಗಿಡವನ್ನು ಹೂವಿನ ಚೆಲುವಿಗೆ ಮರುಳಾಗಿ ನಮ್ಮ ದೇಶಕ್ಕೆ ತಂದರು. ಅದು ಬೇಲಿ ಹಾರಿ ಕಾಡನ್ನೇ ಹೊಕ್ಕಿತು. ಅದನ್ನು ಸವರುತ್ತ ಹೋದಂತೆ ನೇರವಾಗಿ ಮೇಲೇರುವ ಕಲ್ಲುಹಾದಿಯೊಂದು ಕಂಡಿತು. ಸಿಕ್ಕಿತೆಂದು ಹಿಗ್ಗಿದೆವು. ಮೂರು ಭಾನುವಾರ ದುಡಿದು ಬುಡಸಹಿತ ಪೊದೆ ಕಿತ್ತೆವು. ನಾಲ್ಕನೆಯ ವಾರ ಮಳೆ ಬಂದಿತು. ಮುಂದಿನ ಭಾನುವಾರ ಹೋಗಿ ನೋಡಿದರೆ ನಮ್ಮ ದಾರಿ ಮೊಳಕಾಲುದ್ದ ಕೊರಕಲಾಗಿದೆ. ಮಣ್ಣೆಲ್ಲ ಕೆಳಗಿನ ಹೊಲಕ್ಕೆ ಇಳಿದಿದೆ.

ಆ ಹೊಲದ ಯಜಮಾನರು ಬದುವಿನ ಮೇಲೆ ಕುಳಿತಿದ್ದರು. ಬೈದಿದ್ದರೆ ಸಹಿಸಬಹುದಾಗಿತ್ತು. ಅವರು ನಕ್ಕರು: "ಏನ್ ಸ್ವಾಮಿ, ನೀರಿನ ದಾರಿ ಬಿಡಿಸ್ಬುಟ್ರಲ್ಲ! ಮನುಷ್ಯರು ಎಲ್ಲಾದ್ರೂ ಹಿಂಗೆ ನೆಟ್ಟಗೆ ಹತ್ತುತಾರಾ?"

ಇಂಜಿನಿಯರು ತಲೆ ತಗ್ಗಿಸಿದರು. ನಾನು ಚರಿತ್ರೆ ಬಲ್ಲವನೆಂಬ ಹೆಮ್ಮೆಯಿಂದ ಅಗೆತಕ್ಕೆ ಹುರಿದುಂಬಿಸಿದವನು, ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತೆ. ಯಜಮಾನರೇ ಎದ್ದು ಮುಂದೆ ನಡೆದರು. ನೂರು ಮಾರು ಆಚೆಗೆ ನಿಜವಾದ ದಾರಿ ಇತ್ತು. ಇಳಿಜಾರಿಗೆ ಅಡ್ಡಡ್ಡವಾಗಿ, ಬಳಸಿ ಬಳಸಿ ಏರುವ ದಾರಿ. ಅಲ್ಲಲ್ಲಿ ಓರೆಯಾಗಿ ನೆಟ್ಟ ಕಲ್ಲುಸಾಲು. ಮಳೆನೀರು ದಾರಿಯುದ್ದಕ್ಕೂ ಹರಿಯದೆ ಪಕ್ಕದ ಹುಲ್ಲಿಗೆ ಹೊರಳಲೆಂದು ಮಾಡಿದ ಉಪಾಯ. ಆ ಕಲ್ಲು ನೆಟ್ಟವರು ಯಾವ ಕಾಲೇಜನ್ನೂ ಕಂಡವರಲ್ಲ.

ಮೊದಲು ನಮ್ಮ ತಪ್ಪನ್ನು ಮುಚ್ಚಿದೆವು. ಕೊರಕಲಿಗೆ ಕಲ್ಲುಕಟ್ಟೆಗಳನ್ನು ಹಾಕಿ, ಕಿತ್ತ ಪೊದೆಯನ್ನೇ ಹೊದಿಸಿ, ಹೊಲದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತುಹಾಕಿದೆವು. ಆಮೇಲೆ ಹಳೆಯ ದಾರಿಯ ಸರದಿ. ಅಲ್ಲಿ ಒಬ್ಬ ಆಳು ನಡೆಯುವಷ್ಟೇ ಅಗಲ ಸವರಿ, ಉರುಳಿದ ಕಲ್ಲನ್ನು ಅದರ ಗುಳಿಗೇ ಮರಳಿಸಿದೆವು. ಸಿಮೆಂಟು ಹಾಕಿಸೋಣವೇ ಎಂದು ಗೆಳೆಯರೊಬ್ಬರು ಕೇಳಿದಾಗ ಯಜಮಾನರು ಹೇಳಿದರು: "ಅದೆಲ್ಲ ಯಾಕೆ ಸ್ವಾಮಿ? ವಾರಕ್ಕೊಂದ್ಸಲ ಬಂದು ನಡೀರಿ, ಸಾಕು."

ಈಗಲೂ ಅದನ್ನೇ ಮಾಡುತ್ತಿದ್ದೇವೆ.