ಗಣಿ ವಾಯುಸಂಚಾರ: ಬೂಸ್ಟರ್ ಫ್ಯಾನ್ ಮತ್ತು ಕೋಲಾರದ ಅನುಭವ

ನೆಲದಡಿಯ ಗಣಿಯೊಳಗೇ ಕೂರಿಸಿ, ಮೇಲಿನ ಮುಖ್ಯ ಫ್ಯಾನಿನ ಕೈ ಸಾಲದ ಕಡೆ ಗಾಳಿಯನ್ನು ಮುಂದೂಡುವ ಫ್ಯಾನಿಗೆ ಬೂಸ್ಟರ್ ಫ್ಯಾನ್ ಎನ್ನುತ್ತಾರೆ. ಕುರುಡು ಸುರಂಗದ ತುದಿಗೆ ಕೊಳವೆಯಲ್ಲಿ ಗಾಳಿ ಊದುವ ಸಹಾಯಕ ಫ್ಯಾನೇ ಬೇರೆ. ಬೂಸ್ಟರ್ ಆ ದಾರಿಯ ಇಡೀ ಗಾಳಿಯನ್ನು ತನ್ನ ಮೂಲಕವೇ ಹಾಯಿಸುತ್ತದೆ.

ಇಂಥ ಫ್ಯಾನು ಬೇಕಾಗುವ ಆಳದ ಗಣಿ ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿಲ್ಲ, ಕಲ್ಲಿದ್ದಲೂ ಇಲ್ಲ. ಇಲ್ಲಿ ಕಲ್ಲು ತೆಗೆಯುವುದು ಬಯಲು ಕ್ವಾರಿಗಳಲ್ಲಿ. ಆದರೂ ಕರ್ನಾಟಕದ ಆಳದ ಗಣಿಗಳ ಚರಿತ್ರೆ ಈ ಸೀಮೆಯನ್ನು ಹಾದೇ ಹೋಗಬೇಕು. ಶಿವನಸಮುದ್ರದಲ್ಲಿ ಕಾವೇರಿಯ ಒಂದು ದಡ ಕೊಳ್ಳೇಗಾಲದ್ದು, ಇನ್ನೊಂದು ಮಳವಳ್ಳಿಯದು. ಮಳವಳ್ಳಿಯ ಕಡೆ ಕಟ್ಟಿದ ವಿದ್ಯುದಾಗಾರದಿಂದ 1902ರ ಜೂನ್ 30ರಂದು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಕರೆಂಟು ಹರಿಯಿತು. ಯೋಜನೆಗೆ ಬುನಾದಿ ಹಾಕಿದವರು ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್. ತಂತಿಯಲ್ಲಿ ಕರೆಂಟು ಹರಿದಾಗ ದಿವಾನಗಿರಿಯಲ್ಲಿದ್ದವರು ಯಳಂದೂರಿನ ಜಹಗೀರುದಾರ, ಪೂರ್ಣಯ್ಯನವರ ವಂಶದ ಪಿ. ಎನ್. ಕೃಷ್ಣಮೂರ್ತಿ. ಆಗ ಕೊಳ್ಳೇಗಾಲವಿನ್ನೂ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹೊಳೆಯ ಆಚೆ ದಡ ಬೇರೆ ಸರಕಾರದ್ದು.

ಫ್ಯಾನು ಬರುವ ಮೊದಲು ಗಾಳಿ ಹರಿಸಲು ಯುರೋಪಿನ ಹಳೆಯ ಗಣಿಗಳಲ್ಲಿ ಶಾಫ್ಟಿನ, ಅಂದರೆ ನೆಟ್ಟಗೆ ಇಳಿಯುವ ಬಾವಿಯ, ಬುಡದಲ್ಲಿ ಬೆಂಕಿ ಉರಿಸುತ್ತಿದ್ದರು. ಬಿಸಿಗಾಳಿ ಮೇಲೇರಿದರೆ ಇನ್ನೊಂದು ಶಾಫ್ಟಿನಿಂದ ತಣ್ಣನೆಯ ಗಾಳಿ ಇಳಿಯುತ್ತಿತ್ತು. ಸ್ಫೋಟಕ ಮೀಥೇನ್ ಇರುವ ಕಲ್ಲಿದ್ದಲ ಗಣಿಯಲ್ಲಿ ಬೆಂಕಿಯನ್ನೇ ನೆಚ್ಚಿಕೊಂಡದ್ದು ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರದ ಫ್ಯಾನು ಬಂತು. 1898ರಲ್ಲಿ ಸಿರೊಕ್ಕೊ ಎಂಬ ಫ್ಯಾನಿಗೆ ಪೇಟೆಂಟ್ ಪಡೆದ ಬೆಲ್‌ಫಾಸ್ಟಿನ ಸ್ಯಾಮ್ಯುಯೆಲ್ ಡೇವಿಡ್ಸನ್ ಮೊದಲು ನಮ್ಮ ಈಶಾನ್ಯದ ಚಹಾ ತೋಟದಲ್ಲಿದ್ದವನು, ಎಲೆ ಒಣಗಿಸುವ ಯಂತ್ರ ಮಾಡುತ್ತ ಫ್ಯಾನಿಗೆ ಬಂದವನು.

ಫ್ಯಾನು ದೊಡ್ಡದಾದರೆ ಸಾಕಲ್ಲವೇ? ಸಾಲದು. ಅದೇ ದಾರಿಯಲ್ಲಿ ಎರಡು ಪಟ್ಟು ಗಾಳಿ ಹರಿಸಲು ನಾಲ್ಕು ಪಟ್ಟು ಒತ್ತಡ, ಎಂಟು ಪಟ್ಟು ಶಕ್ತಿ ಬೇಕು. ಮೇಲಿನ ಫ್ಯಾನಿನ ಒತ್ತಡ ಹೆಚ್ಚಿದಷ್ಟೂ ಹತ್ತಿರದ ಬಾಗಿಲು, ಅಡ್ಡಗೋಡೆಗಳ ಸಂದಿಯಲ್ಲೇ ಗಾಳಿ ಸೋರಿಹೋಗಿ, ದೂರದಲ್ಲಿ ದುಡಿಯುವವನಿಗೆ ಸಿಗುವುದು ಅಷ್ಟಕ್ಕಷ್ಟೆ. ಇದಕ್ಕೇ ಬೂಸ್ಟರ್ ಹುಟ್ಟಿದ್ದು.

ಅಪಾಯವೂ ಅಲ್ಲೇ ಇದೆ. ಬೂಸ್ಟರಿನ ಸೆಳೆತ ಅತಿಯಾದರೆ, ಹೊರಹೋಗಬೇಕಾದ ಕೆಟ್ಟ ಗಾಳಿ ಸಂದಿಗಳಲ್ಲಿ ನುಸುಳಿ ಒಳಬರುವ ಗಾಳಿಗೆ ಸೇರುತ್ತದೆ. ಮೀಥೇನ್ ಸುತ್ತಿ ಸುತ್ತಿ ದಟ್ಟವಾಗುತ್ತದೆ. ಮುಖ್ಯ ಫ್ಯಾನು ನಿಂತು ಇದೊಂದೇ ತಿರುಗುತ್ತಿದ್ದರಂತೂ ಕೇಳುವುದೇ ಬೇಡ. ಆದ್ದರಿಂದ ಮುಖ್ಯ ಫ್ಯಾನು ನಿಂತೊಡನೆ ಬೂಸ್ಟರೂ ತಾನಾಗಿ ನಿಲ್ಲುವಂತೆ ಬೆಸೆಯುತ್ತಾರೆ. ಮೀಥೇನ್, ಕಾರ್ಬನ್ ಮಾನಾಕ್ಸೈಡ್‌ಗಳನ್ನು ಸದಾ ಅಳೆಯುತ್ತಾರೆ. ಬೂಸ್ಟರಿನ ಪಕ್ಕದ ಓಡಾಟದ ದಾರಿಗೆ ಜೋಡಿ ಬಾಗಿಲು: ಹಿಂದಿನದು ಮುಚ್ಚಿದ ಮೇಲೆಯೇ ಮುಂದಿನದನ್ನು ತೆಗೆಯಬೇಕು. ಬ್ರಿಟನ್ನಿನ ಆಳದ ಕಲ್ಲಿದ್ದಲ ಗಣಿಗಳು ಈ ಶಿಸ್ತಿನಲ್ಲಿ ಬೂಸ್ಟರುಗಳನ್ನು ಬಳಸಿದವು. ಅಮೆರಿಕದ ಕಾನೂನು ಮಾತ್ರ ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲಿನ ಗಣಿಗಳನ್ನು ಬಿಟ್ಟು ಉಳಿದ ಕಲ್ಲಿದ್ದಲ ಗಣಿಗಳಲ್ಲಿ ಅವನ್ನು ನಿಷೇಧಿಸಿದೆ. ನಿಷೇಧಕ್ಕಿಂತ ಉಸ್ತುವಾರಿಯೇ ಮೇಲು ಎಂಬ ವಾದದಲ್ಲಿ ಹುರುಳಿದೆ. ಆದರೆ ಉಸ್ತುವಾರಿ ಒಂದು ದಿನವೂ ತಪ್ಪಬಾರದು.

ಕೋಲಾರದ ಶತ್ರು ಮೀಥೇನ್ ಅಲ್ಲ, ಬಿಸಿ. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಆಳಕ್ಕಿಳಿದಾಗ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಗಾಳಿ ಇಳಿಯುತ್ತ ತನ್ನ ಭಾರಕ್ಕೇ ಒತ್ತಿಕೊಂಡು ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಷ್ಟು ಕಾಯುತ್ತದೆ. ಫ್ಯಾನು ಅದನ್ನು ತಂಪು ಮಾಡುವುದಿಲ್ಲ, ತನ್ನ ಬಿಸಿಯನ್ನೂ ಸೇರಿಸುತ್ತದೆ. ಇಂಥ ಗಣಿಯಲ್ಲಿ ಕೆಲಸ ಮಾಡಬಹುದೋ ಇಲ್ಲವೋ ಎಂದು ತಿಳಿಯಲು, ಒಂದರ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿದ ಎರಡು ಉಷ್ಣಮಾಪಕಗಳನ್ನು ಗಿರಗಿರನೆ ತಿರುಗಿಸಿ ಓದಬೇಕು. ಬೆವರು ಆರದಷ್ಟು ತೇವವಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತವೆ. ಬರಿಯ ಫ್ಯಾನಿನಿಂದ ಈ ಬಿಸಿ ಇಳಿಯದ್ದರಿಂದ 1930ರ ದಶಕದಲ್ಲೇ ಕೋಲಾರ ಗಾಳಿ ತಂಪಾಗಿಸುವ ಯಂತ್ರಕ್ಕೆ ಹೋಯಿತು. ಜಗತ್ತಿನಲ್ಲಿ ಇದನ್ನು ಮಾಡಿದ ಮೊದಲ ಕೆಲವೇ ಗಣಿಗಳಲ್ಲಿ ಅದೂ ಒಂದು.

2001ರ ಫೆಬ್ರವರಿ 28ರಂದು ಕೋಲಾರದ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಗಾಳಿ ಹರಿಯುತ್ತಿದ್ದ ಸುರಂಗಗಳಲ್ಲಿ ಈಗ ನೀರು ನಿಂತಿದೆ.